ಕಳಿಸದೆ ಉಳಿದ ಮೇಲ್

ಕಚೇರಿಯ ಮೇಲ್‌ಗಳಲ್ಲಿ ಕೆಲಸಗಳೆಲ್ಲ ತಾವಾಗಿಯೇ ಆಗುತ್ತಿರುತ್ತವೆ. 'ಪರಿಶೀಲಿಸಲಾಗುತ್ತಿದೆ', 'ಶೀಘ್ರವೇ ಕ್ರಮ ಕೈಗೊಳ್ಳಲಾಗುವುದು'. ಪರಿಶೀಲಿಸುತ್ತಿರುವವರು ಯಾರು, ಶೀಘ್ರವೆಂದರೆ ಯಾವ ವಾರ ಎಂದು ಕೇಳಿದವನೇ ಒರಟನಾಗುತ್ತಾನೆ. ಇದನ್ನು ಭಾಷೆಯ ಬಡತನವೆಂದು ತಿಳಿದು ಜನರನ್ನು ತರಬೇತಿಗೆ ಅಟ್ಟುತ್ತೇವೆ. ನನಗೆ ಕಾಣುವುದು ಬಡತನವಲ್ಲ, ಭಯ. ಬಿಡಿಸಿ ಬರೆದರೆ ನಾಳೆ ಉತ್ತರ ಹೇಳಬೇಕಾದವರು ನಾವೇ ತಾನೆ? ಹಾಗಾಗಿ ಮಾತನ್ನು ಮಸುಕು ಮಾಡಿ, ಸಿಸಿಯಲ್ಲಿ ಹತ್ತಾರು ಜನರನ್ನು ಸೇರಿಸಿ ನಿರಾಳರಾಗುತ್ತೇವೆ.

ಈ ಭಯ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಒಂದು ಹಳೆಯ ಘಟನೆ. 2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರುವಾಗ ಇಂಧನ ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ಪರೀಕ್ಷೆಗಳಲ್ಲಿ ಬಳಸಿದ್ದ ತುಂಡಿಗಿಂತ ಅದು 600 ಪಟ್ಟಿಗೂ ಮಿಕ್ಕಿ ದೊಡ್ಡದಿರಬಹುದೆಂಬ ಸಂಗತಿ ಎಂಜಿನಿಯರುಗಳ ಸ್ಲೈಡಿನಲ್ಲಿ ಇತ್ತು, ಆದರೆ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ. ಮೇಲಿದ್ದದ್ದು ಸಮಾಧಾನ ಹೇಳುವ ಶೀರ್ಷಿಕೆ.

ನಾಸಾದ ಎಂಜಿನಿಯರ್ ರಾಡ್ನಿ ರೋಚಾ ರೆಕ್ಕೆಯ ಚಿತ್ರ ತೆಗೆಸಿ ಎಂದು ಕೇಳಿದರು. ಮೇಲಿನವರು ಒಪ್ಪಲಿಲ್ಲ. ಈ ತೀರ್ಮಾನ ತಪ್ಪು, ಹೆಚ್ಚುಕಡಿಮೆ ಬೇಜವಾಬ್ದಾರಿಯದು ಎಂದು ರೋಚಾ ಖಡಾಖಂಡಿತವಾಗಿ ಒಂದು ಮೇಲ್ ಬರೆದರು. ಕಳಿಸಲಿಲ್ಲ. ಮೇಲಧಿಕಾರಿಗಳನ್ನು ದಾಟಿ ಹೋಗಲು ಅಳುಕು. ಪ್ರಿಂಟ್ ತೆಗೆದು ಸಹೋದ್ಯೋಗಿಗೆ ತೋರಿಸಿದ್ದಷ್ಟೇ.

ಜನವರಿ 23ರಂದು ಹೂಸ್ಟನ್‌ನಿಂದ ನೌಕೆಯ ಕಮಾಂಡರಿಗೂ ಪೈಲಟ್‌ಗೂ ಇನ್ನೊಂದು ಮೇಲ್ ಹೋಯಿತು. ಫೋಮ್ ಬಡಿದ ವಿಷಯ ಪತ್ರಕರ್ತರು ಕೇಳಿದರೆ ಗಲಿಬಿಲಿಯಾಗದಿರಲೆಂದು ತಿಳಿಸುತ್ತಿದ್ದೇವೆ, ಮರಳುವಾಗ ಯಾವ ಆತಂಕವೂ ಇಲ್ಲ ಎಂಬುದು ಅದರ ಸಾರ. ಚುಟುಕು, ಸೌಜನ್ಯ, ಗೊಂದಲವಿಲ್ಲದ ಮಾತು: ಬರವಣಿಗೆಯ ಯಾವ ತರಗತಿಯಲ್ಲಾದರೂ ಅದಕ್ಕೆ ಪೂರ್ಣ ಅಂಕ ಸಿಗುತ್ತಿತ್ತು. ಫೆಬ್ರವರಿ 1ರಂದು, ಮರಳುವಾಗಲೇ, ನೌಕೆಯಲ್ಲಿದ್ದ ಏಳೂ ಜನ ತೀರಿಕೊಂಡರು. ರೋಚಾರ ಮೇಲ್ ಹೋಗಿದ್ದರೆ ಅವರು ಉಳಿಯುತ್ತಿದ್ದರೇ ಎಂಬುದು ಬೇರೆ ಪ್ರಶ್ನೆ.

ಮೊದಲ ಎರಡು ಸಾಲಿನಲ್ಲೇ ವಿಷಯ ಬರಲಿ, ಯಾರು ಯಾವಾಗ ಮಾಡಬೇಕೆಂದು ಬರೆಯಿರಿ ಎಂಬ ಸಲಹೆಗಳೆಲ್ಲ ಸರಿ. ಅವನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಕಲಿತವರೂ ಮಸುಕಾಗಿ ಬರೆಯುತ್ತಾರೆಂದರೆ, ಓದುವವರು ಹೇಗಿದ್ದಾರೆಂದು ಕೇಳಬೇಕಾಗುತ್ತದೆ. ಕೆಟ್ಟ ಸುದ್ದಿ ಬರೆದವನನ್ನೇ ಮೀಟಿಂಗಿನಲ್ಲಿ ನಿಲ್ಲಿಸಿ ಕೇಳುವ ಕಡೆ ಯಾವ ಗುಮಾಸ್ತ ತಾನೆ ನೇರವಾಗಿ ಬರೆದಾನು?

ಮೇಲಿನ ಕುರ್ಚಿಯಲ್ಲಿರುವವರಲ್ಲಿ ಒಂದು ವಿನಂತಿ. ನಾಳೆ ನಿಮ್ಮ ಕೈಕೆಳಗಿನವರೊಬ್ಬರು ನೇರವಾಗಿ, ತುಸು ಒರಟಾಗಿಯೇ ಬರೆದರೆ, ಅವರ ಧಾಟಿಯನ್ನು ತಿದ್ದುವ ಮೊದಲು ದಯವಿಟ್ಟು ವಿಷಯಕ್ಕೆ ಉತ್ತರ ಕೊಡಿ.