ತಿದ್ದುವವನ ಅಧಿಕಾರ

ಒಬ್ಬನ ತಪ್ಪನ್ನು ಮತ್ತೊಬ್ಬನು ತಿದ್ದುವುದು ಉಪಕಾರವೆಂದೇ ಲೋಕವು ಬಗೆಯುತ್ತದೆ. ಆದರೆ ಆ ಉಪಕಾರಕ್ಕೆ ಮೇರೆಯಿಲ್ಲವೇ? ಈ ಹಳೆಯ ಪ್ರಶ್ನೆಯನ್ನು ನನ್ನ ಮುಂದೆ ಹೊಸದಾಗಿ ನಿಲ್ಲಿಸಿದುದು ಒಂದು ಯಂತ್ರವು.

ಗಜೇಂದ್ರಗಡದಲ್ಲಿ ನೇಕಾರರ ಕೂಲಿಯ ಲೆಕ್ಕವನ್ನು ಗಣಕಯಂತ್ರದಲ್ಲಿ ಇಡುವ ಆಪ್ತರ ಮಗನೊಬ್ಬನುಂಟು. ಅವನು ತೆರೆಯ ಮೇಲಿನ ಚಿತ್ರಗಳನ್ನು ಒತ್ತಿ ಕೆಲಸ ಮಾಡುವವನಲ್ಲ. ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆದು ನಡೆಯಿಸುವವನು. ಹಾಗೆ ಬರೆದ ಆಜ್ಞೆಯನ್ನು ಓದಿ ನಡೆಯಿಸುವ ಕ್ರಮವಿಧಿಗೆ ಶೆಲ್ ಎಂದು ಹೆಸರು. ಅವನು ಬಳಸುವ 'ಜೀ ಶೆಲ್' ಎಂಬುದನ್ನು 1990ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪಾಲ್ ಫಾಲ್‌ಸ್ಟಾಡ್ ಎಂಬವನು ರಚಿಸಿದನು. ಅದರಲ್ಲಿ ಕಾಗುಣಿತವನ್ನು ತಿದ್ದುವ ಏರ್ಪಾಡು ಎರಡು ಬಗೆಯಾಗಿದೆ. 'ಕರೆಕ್ಟ್' ಎಂಬುದು ಆಜ್ಞೆಯ ಹೆಸರನ್ನು ಮಾತ್ರ ಪರೀಕ್ಷಿಸುವುದು. 'ಕರೆಕ್ಟ್ ಆಲ್' ಎಂಬುದು ಆಜ್ಞೆಯ ಹಿಂದೆ ಬರುವ ಕಡತಗಳ ಹೆಸರುಗಳನ್ನೂ ಪರೀಕ್ಷಿಸುವುದು. ಸಂಶಯ ಬಂದಲ್ಲಿ ಅದು ನಾಲ್ಕು ಉತ್ತರಗಳನ್ನು ಮುಂದಿಡುವುದು: ಬೇಡ, ಹೌದು, ಕೆಲಸವನ್ನೇ ಕೈಬಿಡು, ನಾನೇ ತಿದ್ದುವೆನು.

ಯಂತ್ರದ ಊಹೆಗೆ ಆಧಾರವಿಲ್ಲದಿಲ್ಲ. ಬರೆಹದ ತಪ್ಪುಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು, ಒಂದಕ್ಷರ ಬಿಟ್ಟುಹೋದುದು, ಹೆಚ್ಚಾದುದು, ಬದಲಾದುದು, ಇಲ್ಲವೆ ಎರಡಕ್ಷರ ಹಿಂದುಮುಂದಾದುದು ಎಂದು ಡ್ಯಾಮರೋ ಎಂಬ ವಿದ್ವಾಂಸನು 1964ರಲ್ಲಿ ತೋರಿಸಿದನು. ಆದರೆ 'ರೋಣ' ಮತ್ತು 'ರೋಣ1' ಎಂಬ ಎರಡು ಕಟ್ಟುಗಳಿಗೂ ಅಂತರವು ಒಂದೇ ಅಕ್ಷರ! ಹುಡುಗನು ಹಳೆಯ 'ರೋಣ1'ನ್ನು ಅಳಿಸೆಂದು ಬರೆದನು. ಅದು ಮೊದಲೇ ಅಳಿದುಹೋಗಿತ್ತು. "ರೋಣ ಎನ್ನುವಿರೋ?" ಎಂದು ಯಂತ್ರವು ಕೇಳಿತು. ಅಭ್ಯಾಸಬಲದಿಂದ ಬೆರಳು ಹೌದೆಂದಿತು. ಆ ದಿನ ಬರೆದ ಕೂಲಿಯ ಲೆಕ್ಕವೆಲ್ಲ ಹೋಯಿತು. ಹಿಂದಿನ ದಿನದ ಪ್ರತಿಯೊಂದಿದ್ದುದರಿಂದ ಉಳಿದುದು ಬದುಕಿತು.

ತಪ್ಪು ಯಾರದು? "ಕಾಕಾ, ಅದು ಕೇಳಿತ್ತರೀ, ನಾನ ಹೌದು ಅಂದೆ" ಎಂದು ಹುಡುಗನು ತಲೆ ತಗ್ಗಿಸಿದನು. ಅವನ ಪ್ರಾಮಾಣಿಕತೆಯನ್ನು ಮೆಚ್ಚಿದೆನು. ಆದರೂ ಅಷ್ಟಕ್ಕೆ ನನಗೆ ಸಮಾಧಾನವಾಗಲಿಲ್ಲ. ದಿನಕ್ಕೆ ಹತ್ತು ಸಲ ಸರಿಯಾಗಿಯೇ ಕೇಳುವವನಿಗೆ ಹನ್ನೊಂದನೆಯ ಸಲ ಯೋಚಿಸದೆ ಹೂಂಗುಟ್ಟುವೆವು. ಯೋಚಿಸದ ಸಮ್ಮತಿಯು ಸಮ್ಮತಿಯ ನೆರಳು ಮಾತ್ರ. ಹೊಣೆಯು ಹುಡುಗನದೇ ಆಗಿರಬಹುದು. ಆದರೆ ಎಲ್ಲಿ ಕೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕವು ತಿದ್ದುವವನಿಗೂ ಬೇಕು.

ಈ ವಿವೇಕವನ್ನು ನಮ್ಮ ಸೀಮೆಯ ಕಲ್ಲುಗಳ ಬಳಿ ಕಲಿಯಬಹುದು. ರೋಣದ ಸಮೀಪದ ಸೂಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಿವೆ. ಶಾಸನವನ್ನು ಅಚ್ಚುಮಾಡುವ ಪಂಡಿತನು ಕಂಡರಣೆಗಾರನ ತಪ್ಪನ್ನು ಅಳಿಸುವುದಿಲ್ಲ. ಕಲ್ಲಿನಲ್ಲಿದ್ದುದನ್ನು ಇದ್ದಂತೆ ಕೊಟ್ಟು, ತನ್ನ ತಿದ್ದುಪಡಿಯನ್ನು ಕಂಸದಲ್ಲಿಯೋ ಅಡಿಟಿಪ್ಪಣಿಯಲ್ಲಿಯೋ ಇಡುವನು. ಪಂಡಿತನೇ ತಪ್ಪಿದ್ದರೆ ಮುಂದಿನವನು ಮೂಲಕ್ಕೆ ಮರಳಬಹುದು. ಹಿಂದಿರುಗಲು ದಾರಿಯಿರುವಲ್ಲಿ ಧಾರಾಳವಾಗಿ ತಿದ್ದಬಹುದು; ದಾರಿಯಿಲ್ಲದಲ್ಲಿ ತಿದ್ದುವ ಕೈ ಅಂಜಬೇಕು.

ಹುಡುಗನು ಈಗ ತಿದ್ದುಪಡಿಯನ್ನು ಪೂರ್ತಿಯಾಗಿ ತೆಗೆದುಹಾಕಿಲ್ಲ; ಹದಗೊಳಿಸಿದ್ದಾನೆ. ನೋಡುವ, ಹುಡುಕುವ ಆಜ್ಞೆಗಳಲ್ಲಿ ಯಂತ್ರವು ಮೊದಲಿನಂತೆ ಕೇಳುವುದು. ಅಳಿಸುವ, ಸ್ಥಳ ಬದಲಿಸುವ ಆಜ್ಞೆಗಳಿಗೆ 'ನೋಕರೆಕ್ಟ್' ಎಂಬ ಮಾತನ್ನು ಶಾಶ್ವತವಾಗಿ ಜೋಡಿಸಿದ್ದಾನೆ. ಅಲ್ಲಿ ಹೆಸರು ತಪ್ಪಿದರೆ ಯಂತ್ರವು ಊಹಿಸದೆ, ಅಂಥದೊಂದು ಇಲ್ಲವೆಂದಷ್ಟೇ ಹೇಳಿ ನಿಲ್ಲುವುದು. ಆ ಒಣ ಉತ್ತರವೇ ಅಲ್ಲಿ ದೊಡ್ಡ ಉಪಕಾರವು.

ಮಕ್ಕಳನ್ನು ತಿದ್ದುವ ತಾಯಿತಂದೆಗಳೂ, ಶಿಷ್ಯರನ್ನು ತಿದ್ದುವ ಗುರುಗಳೂ, ಪರರ ಲೇಖನಗಳನ್ನು ತಿದ್ದುವ ನಮ್ಮಂಥವರೂ ಈ ಹದವನ್ನು ಕಲಿಯಬೇಕಾಗಿದೆ. ನಮಗೆ ಅಪರಿಚಿತವಾದುದೆಲ್ಲ ತಪ್ಪಲ್ಲ. ನಮಗೆ ಪರಿಚಿತವಾದುದೇ ಅವರ ಮನಸ್ಸಿನಲ್ಲಿದ್ದುದೆಂಬ ಭರವಸೆಯೂ ಇಲ್ಲ.