ಹಳೆಯ ಬೈರಿಗೆಯೂ ಪರಿಗ್ರಹದ ಮಿತಿಯೂ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುವನು. ಅಟ್ಟದ ಮೇಲೆ ಕೆಟ್ಟು ಕುಳಿತ ಉಪಕರಣ ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಕೆಟ್ಟುದನ್ನು ಬಿಸುಟು ಹೊಸದನ್ನು ಕೊಳ್ಳುವುದು ವ್ರತಕ್ಕೆ ದೋಷವೇ? ಅದನ್ನೇ ಸರಿಪಡಿಸಿ ಹಿಡಿದುಕೊಂಡಿರುವುದು ಮಮಕಾರವೇ? ಇದು ವಿಚಾರಣೀಯ.

ಹೊಳಲ್ಕೆರೆಯಂತಹ ಊರುಗಳಲ್ಲಿಯೂ ಬಡಗಿಯ ಕೈಬೈರಿಗೆಯ ಸ್ಥಾನಕ್ಕೆ ಈಗ ಜನರು ಡ್ರಿಲ್ ಎಂದು ಕರೆಯುವ ವಿದ್ಯುತ್ ಬೈರಿಗೆ ಬಂದಿದೆ. ತಂತಿಯ ಹಂಗಿಲ್ಲದೆ ಬ್ಯಾಟರಿಯಿಂದ ತಿರುಗುವ ಬೈರಿಗೆಯನ್ನು 1961ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆ ಹೊರತಂದಿತು. ಹಳೆಯ 12 ವೋಲ್ಟಿನ ಯಂತ್ರದ ಬ್ಯಾಟರಿಯಲ್ಲಿ ತಲಾ 1.2 ವೋಲ್ಟಿನ 10 ನಿಕಲ್-ಕ್ಯಾಡ್ಮಿಯಂ ಕೋಶಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಒಂದೆರಡು ಕೆಟ್ಟರೂ ಇಡೀ ಯಂತ್ರ ಬಲಗುಂದುತ್ತದೆ. ಮೋಟಾರು, ಹಲ್ಲುಚಕ್ರಗಳು ಸುಸ್ಥಿತಿಯಲ್ಲಿದ್ದರೂ ಯಂತ್ರದ ಆಯುಷ್ಯ ತೀರಿತೆಂದು ಗೃಹಸ್ಥನು ತೀರ್ಮಾನಿಸಿಬಿಡುವನು.

ಹೊಸ ಯಂತ್ರ ಅಂಗಡಿಗೆ ಬರುವ ಮುನ್ನ ಎಲ್ಲಿಯೋ ಭೂಮಿಯನ್ನು ಅಗೆದಾಗಿರುತ್ತದೆ. ಮೋಟಾರಿನ ಸುರುಳಿಗೆ ತಾಮ್ರ ಬೇಕು, ಹಲ್ಲುಚಕ್ರಕ್ಕೆ ಉಕ್ಕು ಬೇಕು. ಚಿತ್ರದುರ್ಗ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಅದಿರನ್ನು ತೆಗೆದರು; ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರಿಗಾಗಿ ಗುಡ್ಡಗಳನ್ನು ಸೀಳಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಬಳಿಕ ಈ ಜಿಲ್ಲೆಯ ಕಬ್ಬಿಣದ ಗಣಿಗಳನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. ಪೃಥ್ವೀಕಾಯ ಜೀವಗಳ ಹಾನಿ ಗೃಹಸ್ಥನಿಗೆ ಪೂರ್ಣವಾಗಿ ತಪ್ಪದು; ಆದರೆ ಪ್ರಯೋಜನವಿಲ್ಲದ ಹಾನಿ ಅನರ್ಥದಂಡವೇ ಸರಿ.

ದುರಸ್ತಿಗೆ ತೊಡಗುವವನು ಮೊದಲು ಬ್ಯಾಟರಿಯನ್ನು ಕಳಚತಕ್ಕದ್ದು. ಬಹುಕಾಲ ಮೂಲೆಯಲ್ಲಿದ್ದ ಯಂತ್ರದ ಗಾಳಿಕಿಂಡಿಗಳಲ್ಲಿ ಇರುವೆ, ಜೇಡಗಳು ನೆಲೆಸಿರಬಹುದು. ಮೃದುವಾದ ಕುಂಚದಿಂದ ಸವರಿ, ಅವುಗಳಿಗೆ ದಾರಿಮಾಡಿಕೊಟ್ಟ ಬಳಿಕ ತಿರುಪುಗಳನ್ನು ಬಿಚ್ಚಬೇಕು. ನೋಡಿ ಎತ್ತುವ, ನೋಡಿ ಇಡುವ ಆದಾನ-ನಿಕ್ಷೇಪಣ ಸಮಿತಿಯು ಮುನಿಗಳ ಆಚಾರವಾದರೂ ಗೃಹಸ್ಥನಿಗೂ ಅದರ ಅಭ್ಯಾಸ ಹಿತಕರ. ಸವೆದ ಕಾರ್ಬನ್ ಬ್ರಷ್ಷುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಕೋಶಗಳನ್ನು ಅದೇ ಜಾತಿಯ, ಅದೇ ಗಾತ್ರದವುಗಳಿಂದ ಒಮ್ಮೆಗೇ ಬದಲಿಸುವುದು ಲೇಸು. ಹಳೆಯ ಚಾರ್ಜರಿಗೆ ಲಿಥಿಯಂ ಕೋಶಗಳನ್ನು ಜೋಡಿಸಿದರೆ ಬೆಂಕಿಯ ಭಯವುಂಟು. ಮಿತವ್ಯಯದ ಹೆಸರಿನಲ್ಲಿ ಮನೆಗೆ ಬೆಂಕಿ ತರುವುದು ಪ್ರಮಾದ, ಪ್ರಮಾದವಿದ್ದಲ್ಲಿ ಹಿಂಸೆಯುಂಟು. ಅಷ್ಟಮಿ-ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವವನು ಈ ಆರಂಭವನ್ನೂ ಅಂದು ಬದಿಗಿಡತಕ್ಕದ್ದು.

ಇಷ್ಟರಿಂದ ದುರಸ್ತಿಯೇ ಅಪರಿಗ್ರಹವೆಂದು ಸಿದ್ಧವಾಯಿತೇ? ಇಲ್ಲ. ತತ್ತ್ವಾರ್ಥಸೂತ್ರವು ಪರಿಗ್ರಹದ ಬೇರನ್ನು ಮನಸ್ಸಿನ ಆಸಕ್ತಿಯಲ್ಲಿ ಕಾಣುತ್ತದೆ. ಆ ದೃಷ್ಟಿಯಿಂದ ಹಳೆಯದರ ಮೋಹವೂ ಹೊಸದರ ಆಸೆಯೂ ಒಂದೇ ಬೇರಿನವು. ಎಂದಾದರೂ ಬೇಕಾದೀತೆಂದು ಸರಿಪಡಿಸಿ ಅಟ್ಟಕ್ಕೇರಿಸುವವನೂ, ಹೊಸದನ್ನು ಕೊಂಡ ಮೇಲೂ ಹಳೆಯದನ್ನು ಬಿಡದವನೂ ವ್ರತದ ಮಿತಿಯನ್ನು ಸಡಿಲಿಸಿದವರೇ. ಹಿಂಸೆಗೆ ಬಳಸದ ನೆರೆಯವರು ಕೇಳಿದಾಗ ಕೊಟ್ಟು, ನಾಲ್ಕು ಮನೆಗಳಿಗೆ ಒಂದೇ ಬೈರಿಗೆ ಸಾಕಾಗುವಂತೆ ಮಾಡಿದರೆ ದುರಸ್ತಿ ಸಾರ್ಥಕ.

ತೆಗೆದ ಕೋಶಗಳ ಹೊಣೆಯೂ ಉಳಿದಿರುತ್ತದೆ. ಕ್ಯಾಡ್ಮಿಯಂ ವಿಷಲೋಹ, ತಿಪ್ಪೆಗೆ ಎಸೆದರೆ ಅದು ಮಣ್ಣು-ನೀರುಗಳನ್ನು ಸೇರುವುದು, ಮೂತ್ರಪಿಂಡಗಳಿಗೆ ಕೇಡು ಮಾಡುವುದು. ಅಂತಹ ಬ್ಯಾಟರಿಗಳನ್ನು ಮನೆಯ ಕಸದಿಂದ ಬೇರೆಯಿರಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ವಿಧಿಸುತ್ತವೆ. ದಶಲಕ್ಷಣ ಪರ್ವದಲ್ಲಿ ಆಕಿಂಚನ್ಯದ ದಿನ ಬರುವ ಮುನ್ನ ಶ್ರಾವಕರು ತಮ್ಮ ಅಟ್ಟದ ಲೆಕ್ಕವನ್ನೂ ಪರಿಮಾಣದ ಪಟ್ಟಿಗೆ ಸೇರಿಸಿಕೊಳ್ಳುವುದು ಉಚಿತ.