ಹುಡುಗಿಗೆ ಯಾವ ಪುಸ್ತಕ ಕೊಡಲಿ?

ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ನಾದಿನಿಯ ಮಗಳು ಈ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದಳು. ಎರಡೇ ದಿನಕ್ಕೆ ಮೊಬೈಲು ಬೇಸರವಾಗಿ, ‘ಅತ್ತೆ, ಓದೋಕೆ ಏನಾದ್ರೂ ಕೊಡಿ. ಚಿಕ್ಕಮಕ್ಕಳ ಪುಸ್ತಕ ಬೇಡ’ ಎಂದಳು. ಹದಿನೈದರ ಹುಡುಗಿ ತಾನಾಗಿ ಪುಸ್ತಕ ಕೇಳಿದರೆ ನನ್ನಂಥವಳಿಗೆ ಹಬ್ಬವಲ್ಲವೇ? ಒಲೆಯ ಮೇಲೆ ಸಾರು ಕುದಿಯುತ್ತಿದ್ದುದನ್ನೂ ಮರೆತು ಕಪಾಟಿನ ಮುಂದೆ ಕುಳಿತೆ.

ಮೊದಲು ತೆಗೆದದ್ದು ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯೊಂದರ ಬೆನ್ನು ಹತ್ತಿ ಕಾಡು ಹೊಗುವ ಆ ಗುಂಪಿನ ಕಥೆಯನ್ನು ಬೇಡವೆಂದ ಮಗುವನ್ನು ನಾನಂತೂ ಕಂಡಿಲ್ಲ. ಆಮೇಲೆ ಕಾರಂತರ ‘ಚೋಮನ ದುಡಿ’. ಅದಕ್ಕೆ ಒತ್ತಿಕೊಂಡೇ ಇದ್ದದ್ದು ತ್ರಿವೇಣಿಯವರ ‘ಶರಪಂಜರ’. ಅಲ್ಲಿ ಕೈ ನಿಂತಿತು. ಹುಡುಗಿ ಆಚೆ ತಿರುಗಿದ್ದಾಗ ಅದನ್ನು ತೆಗೆದು ಬೀರುವಿನಲ್ಲಿ ಸೀರೆಗಳ ಅಡಿಗೆ ಇಟ್ಟೆ.

ಕಾರಣ ಹೇಳಲೇಬೇಕು. ಶರಪಂಜರದ ಕಾವೇರಿ ನಿಮಗೆಲ್ಲ ಗೊತ್ತು. ಓದದವರು 1971ರ ಪುಟ್ಟಣ್ಣನವರ ಸಿನಿಮಾದಲ್ಲಿ ಕಲ್ಪನಾಳನ್ನು ನೋಡಿ ಅತ್ತವರು. ಬಾಣಂತಿತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆ ಸೇರಿ, ವಾಸಿಯಾಗಿ ಬರುವ ಹೆಣ್ಣು ಅವಳು. ಆದರೆ ವಾಸಿಯಾಗಿದ್ದಾಳೆಂದು ಮನೆಯಾಗಲಿ ನೆರೆಯಾಗಲಿ ಒಪ್ಪುವುದಿಲ್ಲ. ನನ್ನ ನಾದಿನಿಗೂ ಎರಡನೆಯ ಹೆರಿಗೆಯಾದ ಮೇಲೆ ಹೀಗೆಯೇ ಆಗಿತ್ತು. ಹಳೆಯವರು ಬಾಣಂತಿ ಸನ್ನಿ ಎನ್ನುತ್ತಿದ್ದರು. ಸಾವಿರ ಹೆರಿಗೆಗೆ ಒಂದೆರಡರಲ್ಲಿ ಬರುವ, ಔಷಧಿಗೆ ಬಗ್ಗುವ ಕಾಯಿಲೆಯೇ. ಆಗ ಐದು ವರ್ಷದವಳಾಗಿದ್ದ ಈ ಹುಡುಗಿಗೆ, ‘ಅಮ್ಮ ಸೊಂಟನೋವಿಗೆ ತೋರಿಸೋಕೆ ಬೆಂಗಳೂರಿಗೆ ಹೋಗಿದ್ದಾಳೆ’ ಎಂದೆವು. ನಾಲ್ಕು ತಿಂಗಳು ಹಾಗೆಯೇ ಹೇಳಿದೆವು. ಆಮೇಲಿನ ಹತ್ತು ವರ್ಷ ಏನನ್ನೂ ಹೇಳಲಿಲ್ಲ. ಅವರ ಮನೆಯಲ್ಲಿ ಮಾತ್ರೆಗಳು ಇಂದಿಗೂ ಉಪ್ಪಿನಕಾಯಿ ಭರಣಿಯ ಹಿಂದೆ ಒಂದು ಡಬ್ಬಿಯಲ್ಲಿವೆ.

ಎರಡೇ ಪುಸ್ತಕ ಕೊಟ್ಟರೆ ಸಾಲದೆಂದು, ಮಗ ಬೆಂಗಳೂರಿನಿಂದ ತಂದಿಟ್ಟಿದ್ದ ಒಂದು ದಪ್ಪ ಇಂಗ್ಲಿಷ್ ಚಿತ್ರಪುಸ್ತಕವನ್ನೂ ಸೇರಿಸಿದೆ. ಹೆಸರು ‘ಮೌಸ್’. ಹೊದಿಕೆಯ ಮೇಲೆ ಇಲಿಗಳಿದ್ದವು. ಚಿತ್ರಕಥೆ ಎಂದರೆ ನಮಗೆ ತಿಳಿದದ್ದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಶುರುಮಾಡಿದ ‘ಅಮರ ಚಿತ್ರಕಥೆ’ ತಾನೇ? ಇಲಿಗಳ ಕಥೆಯಲ್ಲಿ ಏನಿದ್ದೀತು ಎಂದು ಒಳಗೆ ತಿರುವಿಯೂ ನೋಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ತಾರಸಿಯಲ್ಲಿ ಹಲಸಿನ ಹಪ್ಪಳ ತಿರುವಿಹಾಕುತ್ತಿದ್ದಾಗ ಪಕ್ಕದಲ್ಲಿ ಬಂದು ಕುಳಿತು ಕೇಳಿದಳು: ‘ಅತ್ತೆ, ಅವನ ಅಮ್ಮ ಯಾಕೆ ಸತ್ತಳು?’

ಯಾವನ ಅಮ್ಮ ಎಂದು ನನಗೇನು ಗೊತ್ತು! ಆ ರಾತ್ರಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಬರೆದು ಚಿತ್ರಿಸಿದವರು ಅಮೆರಿಕದ ಆರ್ಟ್ ಸ್ಪೀಗಲ್‌ಮನ್. ಹಿಟ್ಲರನ ಔಶ್ವಿಟ್ಜ್ ಶಿಬಿರದಿಂದ ಬದುಕಿ ಬಂದ ತಂದೆತಾಯಿಯ ಕಥೆ. ಯೆಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಬಂತು. ಅಷ್ಟೆಲ್ಲ ನರಕ ದಾಟಿ ಬಂದ ತಾಯಿ 1968ರಲ್ಲಿ, ಮಗನಿಗೆ ಇಪ್ಪತ್ತಾಗಿದ್ದಾಗ, ತನ್ನ ಜೀವ ತಾನೇ ತೆಗೆದುಕೊಂಡಳು. ಆ ಕೆಲವು ಪುಟಗಳಲ್ಲಿ ಮಾತ್ರ ಇಲಿಮುಖಗಳಿಲ್ಲ, ಮನುಷ್ಯರೇ ಇದ್ದಾರೆ. ನನ್ನನ್ನು ಎಬ್ಬಿಸಿ ಕೂರಿಸಿದ್ದು ಇನ್ನೊಂದು ಸಂಗತಿ: ಅವಳು ಬರೆದಿಟ್ಟಿದ್ದ ಡೈರಿಗಳನ್ನು ಗಂಡ ಸುಟ್ಟುಬಿಟ್ಟಿರುತ್ತಾನೆ. ಅದು ತಿಳಿದ ಮಗ ಅಪ್ಪನನ್ನು ಕೊಲೆಗಾರ ಎನ್ನುತ್ತಾನೆ.

2022ರ ಜನವರಿಯಲ್ಲಿ ಅಮೆರಿಕದ ಟೆನೆಸೀ ರಾಜ್ಯದ ಮ್ಯಾಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಈ ಪುಸ್ತಕವನ್ನು ಎಂಟನೆಯ ತರಗತಿಯ ಪಾಠದಿಂದ ತೆಗೆದುಹಾಕಿತ್ತಂತೆ. ಕೆಲವು ಕೆಟ್ಟ ಮಾತುಗಳಿವೆ, ಒಂದು ಬೆತ್ತಲೆ ಚಿತ್ರವಿದೆ ಎಂಬುದು ಆಕ್ಷೇಪ. ಆ ಚಿತ್ರ ಸತ್ತುಬಿದ್ದ ತಾಯಿಯದು! ಮಗ ಇದನ್ನು ಹೇಳಿದಾಗ ಎಂಥ ಜನವಪ್ಪ ಎಂದು ನಕ್ಕೆ. ಸೀರೆಯಡಿಯ ಶರಪಂಜರ ನೆನಪಾಗಿ ನಗು ಅರ್ಧಕ್ಕೇ ನಿಂತಿತು.

‘ಚೋಮನ ದುಡಿ’ ಕೊಡುವಾಗ ನಾನು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಮುಟ್ಟಬಾರದವನೆಂದು ಯಾರೂ ಕೈಹಿಡಿದೆತ್ತದೆ ಚೋಮನ ಮಗ ನೀರಿನಲ್ಲಿ ಸಾಯುತ್ತಾನೆ. ಅದಕ್ಕಿಂತ ಕ್ರೂರವಾದದ್ದು ಇನ್ನೇನಿದೆ? ಆದರೂ ಮಕ್ಕಳು ಓದಲಿ, ತಿಳಿಯಲಿ ಎನ್ನುತ್ತೇವೆ. ಪರರ ಮನೆಯ ಸಂಕಟ ಪಾಠ, ನಮ್ಮ ಮನೆಯದು ಮಾತ್ರ ಗುಟ್ಟು. ನಾನು ಬಚ್ಚಿಟ್ಟದ್ದು ಹುಡುಗಿ ನೊಂದಾಳೆಂದೇ, ಅಥವಾ ಓದಿದ ಮೇಲೆ ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಿಯಾಳೆಂದೇ?

ಎಲ್ಲವನ್ನೂ ಎಲ್ಲರ ಕೈಗೂ ಕೊಟ್ಟುಬಿಡಿ ಎನ್ನುವಷ್ಟು ಧೈರ್ಯ ನನಗಿಲ್ಲ. ಆ ತಾಯಿಯ ಸಾವಿನ ಪುಟ ಓದಿದ ರಾತ್ರಿ ಹುಡುಗಿ ನಿದ್ದೆಗೆಟ್ಟಿದ್ದಳು, ಪಕ್ಕದ ಕೋಣೆಯಲ್ಲಿದ್ದ ನನಗೆ ಅದರ ಸುಳಿವೂ ಇರಲಿಲ್ಲ. ಅದರ ಭಾರ ಇನ್ನೂ ಇಳಿದಿಲ್ಲ. ತಪ್ಪು ಪುಸ್ತಕ ಕೊಟ್ಟೆನೆಂದಲ್ಲ, ಕೊಟ್ಟು ಅಡುಗೆಮನೆಗೆ ನಡೆದುಬಿಟ್ಟೆನಲ್ಲ ಎಂದು.

ಮರುದಿನ ಶರಪಂಜರವನ್ನು ತೆಗೆದುಕೊಟ್ಟೆ. ಕೊಡುವ ಮೊದಲು ಹೇಳಿದೆ, ‘ಅಮ್ಮನಿಗೆ ಆಗ ಬಂದಿದ್ದು ಸೊಂಟನೋವಲ್ಲ ಪುಟ್ಟೀ.’

‘ಗೊತ್ತು ಅತ್ತೆ’ ಎಂದಳು, ಹಪ್ಪಳದ ಅಂಚು ಮುರಿಯುತ್ತ. ‘ಎಂಟನೇ ಕ್ಲಾಸಲ್ಲಿದ್ದಾಗಲೇ ಮಾತ್ರೆ ಹೆಸರು ಮೊಬೈಲಲ್ಲಿ ಹಾಕಿ ನೋಡಿದ್ದೆ. ನೀವು ಯಾರೂ ಮಾತಾಡ್ತಿರ್ಲಿಲ್ಲ. ಕೇಳಬಾರದೇನೋ ಅಂತ ಸುಮ್ಮನಿದ್ದೆ.’

ಎಂಟನೆಯ ತರಗತಿ ಎಂದರೆ ಹದಿಮೂರು ವರ್ಷ. ಎರಡು ವರ್ಷ ಅದನ್ನು ಒಬ್ಬಳೇ ಇಟ್ಟುಕೊಂಡಿದ್ದಾಳೆ. ನಾವು ಮನೆಮಂದಿ ಸೇರಿ ಅವಳನ್ನು ಕಾಪಾಡುತ್ತಿದ್ದೇವೆಂದು ತಿಳಿದಿದ್ದೆವು.

ಊರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ, ‘ಇದನ್ನ ಅಮ್ಮನಿಗೂ ಓದೋಕೆ ಕೊಡಲಾ?’ ಎಂದು ಪಿಸುಗುಟ್ಟಿದಳು. ಏನು ಹೇಳಲಿ? ಹಪ್ಪಳದ ಕಟ್ಟನ್ನು ಅವಳ ಚೀಲಕ್ಕೆ ತುರುಕುತ್ತ, ‘ಮೊದಲು ನಿನ್ನ ಅಪ್ಪನಿಗೆ ಕೊಡು’ ಎಂದೆ. ಅಲ್ಲೇ ನಿಂತಿದ್ದ ನಮ್ಮವರು, ನಾದಿನಿಯ ಒಡಹುಟ್ಟಿದ ಅಣ್ಣ, ಬಸ್ಸು ಬಂತೇನೋ ನೋಡುತ್ತೇನೆಂದು ಆ ಕಡೆ ನಡೆದರು.